ತಪ್ಪನ್ನು ತಿದ್ದುವ ಸಂಕೇತ

ಅಚ್ಚಿನ ತಪ್ಪಿಗೆ ಮರುದಿನ ತಿದ್ದುಪಡಿ ಹಾಕಿ ವಾಚಕರ ಕ್ಷಮೆ ಬೇಡುವ ನಾವು, ತಪ್ಪನ್ನು ಅದು ತಲುಪಿದಲ್ಲಿಯೇ ತಿದ್ದುವ ವಿದ್ಯೆಯನ್ನಿತ್ತ ಗಣಿತಜ್ಞ ರಿಚರ್ಡ್ ಹ್ಯಾಮಿಂಗರನ್ನು ಗೌರವದಿಂದ ಸ್ಮರಿಸುತ್ತೇವೆ. ೧೯೧೫ರಲ್ಲಿ ಶಿಕಾಗೋದಲ್ಲಿ ಜನಿಸಿದ ಅವರು ೧೯೪೬ರಲ್ಲಿ ಬೆಲ್ ಪ್ರಯೋಗಶಾಲೆಯನ್ನು ಸೇರಿದರು. ಅಲ್ಲಿನ ಗಣಕಯಂತ್ರವು ವಾರದ ಕೊನೆಯಲ್ಲಿ, ನೋಡುವವರಿಲ್ಲದಾಗ, ತಪ್ಪೊಂದು ಕಂಡೊಡನೆ ಅವರ ಲೆಕ್ಕವನ್ನು ಕೈಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ತಪ್ಪುಂಟೆಂದು ಅರಿಯಬಲ್ಲ ಯಂತ್ರವು ಅದೆಲ್ಲಿದೆಯೆಂದು ಏಕೆ ಅರಿಯಬಾರದು? ಸೊನ್ನೆ-ಒಂದುಗಳ ನಾಲ್ಕು ಅಂಕಗಳಿಗೆ ಮೂರು ಕಾವಲಿನ ಅಂಕಗಳನ್ನು ಕೂಡಿಸಿ, ಏಳರಲ್ಲಿ ಯಾವುದೊಂದು ಕೆಟ್ಟರೂ ಅದರ ಸ್ಥಾನವು ಗೊತ್ತಾಗುವಂತೆ ಅವರು ಮಾಡಿದರು. ಸ್ಥಾನ ತಿಳಿದ ಮೇಲೆ ಸೊನ್ನೆಯನ್ನು ಒಂದಾಗಿ, ಇಲ್ಲವೆ ಒಂದನ್ನು ಸೊನ್ನೆಯಾಗಿ ಬದಲಿಸಿದರಾಯಿತು. ಎರಡು ಅಂಕಗಳು ಒಟ್ಟಿಗೆ ಕೆಟ್ಟರೆ ಈ ಉಪಾಯವೂ ಮೋಸಹೋಗುವುದು, ನಿಜ. ಆದರೂ ೧೯೫೦ರಲ್ಲಿ ಪ್ರಕಟವಾದ ಈ ಕ್ರಮದಿಂದ, ಕಳುಹಿಸಿದವರನ್ನು ಮರಳಿ ಕೇಳಿ ಕಾಯುವ ವಿಳಂಬವು ತಪ್ಪಿತು. ೧೯೯೮ರಲ್ಲಿ ಹ್ಯಾಮಿಂಗರು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ತೀರಿಕೊಂಡರು.