ಮಗಳ ಕೈ ಉಳಿಸಿದ ಕೆಂಪು ಬಣ್ಣ

ಗಂಧಕ ಅಂದ ತಕ್ಷಣ ನಮಗೆ ನೆನಪಾಗೋದು ಲ್ಯಾಬಿನ ಕೊಳೆತ ಮೊಟ್ಟೆ ವಾಸನೆ. ಆದರೆ ಪೆನಿಸಿಲಿನ್ ಆಸ್ಪತ್ರೆಗೆ ಬರುವ ಮೊದಲೇ ಸೋಂಕಿನಿಂದ ಜನರನ್ನ ಉಳಿಸಿದ್ದು ಗಂಧಕದ ಒಂದು ಸಂಯುಕ್ತ. ಅದನ್ನ ಗುರುತಿಸಿದವರು ಜರ್ಮನಿಯ ಗೆರ್ಹಾರ್ಡ್ ಡೊಮಾಕ್.

1895ರಲ್ಲಿ ಹುಟ್ಟಿದ ಡೊಮಾಕ್ ಮೆಡಿಕಲ್ ಓದೋಕೆ ಸೇರಿದ ವರ್ಷವೇ ಮೊದಲ ಮಹಾಯುದ್ಧ ಶುರುವಾಯ್ತು. ಓದು ಬಿಟ್ಟು ಸೈನ್ಯಕ್ಕೆ ಹೋದರು, ಗಾಯಗೊಂಡರು, ಆಮೇಲೆ ಸೈನ್ಯದ ಆಸ್ಪತ್ರೆಗಳಲ್ಲಿ ದುಡಿದರು. ಆಪರೇಷನ್ ಸರಿಯಾಗಿ ಆದರೂ ಗಾಯ ಕೊಳೆತು ಸೈನಿಕರು ಸಾಯೋದನ್ನ ಕಣ್ಣಾರೆ ಕಂಡರು.

1927ರಲ್ಲಿ ಬಾಯರ್ ಕಂಪನಿಯ ವುಪ್ಪರ್‌ಟಾಲ್ ಪ್ರಯೋಗಾಲಯ ಸೇರಿದರು. ಕ್ಲಾರರ್ ಮತ್ತು ಮೀಟ್ಶ್ ಎಂಬ ರಸಾಯನ ವಿಜ್ಞಾನಿಗಳು ಬಟ್ಟೆಗೆ ಹಾಕುವಂಥ ಬಣ್ಣಗಳನ್ನ ತಯಾರಿಸಿ ಕೊಡೋದು, ಇವರು ಇಲಿಗಳ ಮೇಲೆ ಪರೀಕ್ಷೆ ಮಾಡೋದು. ವರ್ಷಗಟ್ಟಲೆ ಬರೀ ಸೋಲು. 1932ರ ಡಿಸೆಂಬರ್‌ನಲ್ಲಿ ಸಲ್ಫೋನಮೈಡ್ ಗುಂಪು ಸೇರಿಸಿದ ಒಂದು ಕೆಂಪು ಬಣ್ಣ ಬಂತು. ಸ್ಟ್ರೆಪ್ಟೊಕಾಕಸ್ ಚುಚ್ಚಿದ ಇಲಿಗಳಲ್ಲಿ ಈ ಮದ್ದು ಪಡೆದವೆಲ್ಲ ಬದುಕಿದವು, ಪಡೆಯದವು ಸತ್ತವು. ಅದೇ ಪ್ರೊಂಟೊಸಿಲ್. ವಿಚಿತ್ರ ಅಂದ್ರೆ ಟೆಸ್ಟ್ ಟ್ಯೂಬ್‌ನಲ್ಲಿ ಅದು ಒಂದು ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತಿರಲಿಲ್ಲ! ಇಲಿಯ ಮೇಲೆ ನೋಡದೆ ಇದ್ದಿದ್ರೆ ಅದು ಕಸದ ಬುಟ್ಟಿಗೆ ಹೋಗ್ತಿತ್ತು.

1935ರಲ್ಲಿ ಅವರ ಪುಟ್ಟ ಮಗಳು ಹಿಲ್ಡೆಗಾರ್ಡ್ ಕೈಗೆ ಸೂಜಿ ಚುಚ್ಚಿಕೊಂಡಳು. ಸೋಂಕು ತೋಳಿಗೇರಿತು, ವೈದ್ಯರು ಕೈ ಕತ್ತರಿಸುವ ಮಾತಾಡಿದರು. ಡೊಮಾಕ್ ತಮ್ಮ ಮದ್ದನ್ನೇ ಕೊಟ್ಟರು. ಕೈಯೂ ಉಳಿಯಿತು, ಮಗಳೂ ಉಳಿದಳು. ಇಲಿಗೆ ಕೊಟ್ಟಷ್ಟು ಧೈರ್ಯದಲ್ಲಿ ಸ್ವಂತ ಮಗುವಿಗೆ ಕೊಡೋಕೆ ಆಗಿರುತ್ತಾ? ನಮಗಂತೂ ಅನುಮಾನ.

ಅದೇ ವರ್ಷ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯವರು ಗುಟ್ಟು ಬಿಡಿಸಿದರು. ದೇಹದೊಳಗೆ ಆ ಬಣ್ಣ ಒಡೆದು ಸಲ್ಫಾನಿಲಮೈಡ್ ಹೊರಬರುತ್ತೆ, ಕೆಲಸ ಮಾಡೋದು ಅದೇ. ಬ್ಯಾಕ್ಟೀರಿಯಾ ಅದನ್ನ ಫೋಲಿಕ್ ಆಮ್ಲ ತಯಾರಿಸುವ ಕಚ್ಚಾವಸ್ತು ಅಂತ ನಂಬಿ ಮೋಸ ಹೋಗುತ್ತೆ, ಬೆಳವಣಿಗೆ ನಿಲ್ಲುತ್ತೆ ಅನ್ನೋದು ಆಮೇಲೆ ತಿಳಿಯಿತು. ಈ ಸಲ್ಫಾನಿಲಮೈಡ್ 1908ರಲ್ಲೇ ತಯಾರಾಗಿದ್ದ ಹಳೇ ವಸ್ತು, ಯಾರು ಬೇಕಾದರೂ ಮಾಡಬಹುದಿತ್ತು. ಕಂಪನಿಯ ಪೇಟೆಂಟ್ ಲೆಕ್ಕವೆಲ್ಲ ತಲೆಕೆಳಗಾಯ್ತು.

1939ರಲ್ಲಿ ನೊಬೆಲ್ ಬಂತು. ಆದರೆ ಜರ್ಮನ್ನರು ನೊಬೆಲ್ ಪಡೆಯಬಾರದು ಅಂತ ಹಿಟ್ಲರ್ ಆಜ್ಞೆ ಇತ್ತು. ಗೆಸ್ಟಾಪೊ ಡೊಮಾಕ್ ಅವರನ್ನ ಬಂಧಿಸಿತು, ಬಹುಮಾನ ಬೇಡ ಅಂತ ಪತ್ರ ಬರೆಸಿತು. 1947ರಲ್ಲಿ ಅವರು ಸ್ಟಾಕ್‌ಹೋಮ್‌ಗೆ ಹೋಗಿ ಪದಕ, ಪ್ರಶಸ್ತಿಪತ್ರ ತಗೊಂಡರು. ಹಣ ಸಿಗಲಿಲ್ಲ, ಗಡುವು ಮುಗಿದುಹೋಗಿತ್ತು. ಅಷ್ಟರಲ್ಲಿ ಅವರು ಗಂಧಕವೇ ಇರುವ ಇನ್ನೊಂದು ಗುಂಪು, ಥಯೋಸೆಮಿಕಾರ್ಬಜೋನ್‌ಗಳನ್ನ ಹಿಡಿದು ಕ್ಷಯರೋಗದ ಬೆನ್ನು ಬಿದ್ದಿದ್ದರು.