ಡಾರ್ವಿನ್ ತೋಟದ ಲೆಕ್ಕ

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಚಾರ್ಲ್ಸ್ ಡಾರ್ವಿನ್ ನನಗೆ ಪರಿಚಯವಾದದ್ದು ಮಾಲ್ಥಸನ ಮೂಲಕ. ಜನಸಂಖ್ಯೆ ಕುರಿತ ಮಾಲ್ಥಸನ ಪ್ರಬಂಧವನ್ನು 1838ರಲ್ಲಿ ಓದಿದ ಮೇಲೆ ಆತನಿಗೆ ನಿಸರ್ಗದ ಆಯ್ಕೆಯ ಸುಳಿವು ಹೊಳೆಯಿತೆಂದು ನಮ್ಮ ಮೇಷ್ಟರು ಹೆಮ್ಮೆಯಿಂದ ಹೇಳುತ್ತಿದ್ದರು, ಆ ಕೀರ್ತಿಯಲ್ಲಿ ಅರ್ಥಶಾಸ್ತ್ರಕ್ಕೂ ಪಾಲಿದೆ ಎಂಬಂತೆ. ಆತ ತೋಟವನ್ನೂ ಬಲ್ಲವನೆಂದು ನಾನು ಅರಿತದ್ದು ನಿವೃತ್ತಿಯ ನಂತರ. ಅದೂ ನನ್ನ ಕೈತೋಟದಲ್ಲಿ ತಪ್ಪೊಂದನ್ನು ಮಾಡಿದ ಬಳಿಕ.

1809ರಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಜನಿಸಿದ ಡಾರ್ವಿನ್ ಬೀಗಲ್ ನೌಕೆಯಲ್ಲಿ ಐದು ವರ್ಷ ಜಗತ್ತನ್ನು ಸುತ್ತಿದ. 1842ರಲ್ಲಿ ಕೆಂಟ್ ಪ್ರಾಂತದ ಡೌನ್ ಗ್ರಾಮದಲ್ಲಿ ನೆಲೆಸಿದ ಮೇಲಾದರೋ, ಬಿಡದೆ ಕಾಡಿದ ಅನಾರೋಗ್ಯದಿಂದಾಗಿ, ಉಳಿದ ನಲವತ್ತು ವರ್ಷಗಳನ್ನು ಬಹುಪಾಲು ಅಲ್ಲಿಯೇ ಕಳೆದ. ಮನೆಯ ತೋಟವೇ ಆತನ ಪ್ರಯೋಗಶಾಲೆ. ದುಂಬಿಗಳು ಹಾರುವ ದಾರಿಯನ್ನು ತಿಳಿಯಲು ತನ್ನ ಮಕ್ಕಳನ್ನೇ ಅಲ್ಲಲ್ಲಿ ನಿಲ್ಲಿಸಿ, ದುಂಬಿ ಬಂದೊಡನೆ ಕೂಗಿ ಹೇಳುವ ಕೆಲಸ ವಹಿಸಿದ್ದ. ಹೂಗಳಿಗೆ ಬಲೆ ಹೊದಿಸಿ ಫಲಿತಾಂಶಕ್ಕಾಗಿ ಕಾದ. ದುಂಬಿಗಳಿಗೆ ತೆರೆದಿದ್ದ ಕೆಂಪು ಕ್ಲೋವರ್ ಎಂಬ ಮೇವಿನ ಗಿಡದ 100 ಹೂಗೊಂಚಲುಗಳು 2,700 ಬೀಜ ಕೊಟ್ಟವು. ಬಲೆಯೊಳಗಿನ 100 ಗೊಂಚಲುಗಳಲ್ಲಿ ಒಂದು ಬೀಜವೂ ಇರಲಿಲ್ಲ. ಆಯವ್ಯಯ ಪತ್ರಗಳನ್ನು ನೋಡುವುದರಲ್ಲೇ ಸೇವಾವಧಿ ಸವೆಸಿದ ನನಗೆ ಇಷ್ಟು ನಿಚ್ಚಳವಾದ ಲೆಕ್ಕ ಬೇರೆಲ್ಲೂ ಸಿಕ್ಕಿಲ್ಲ.

ಪತಂಗದ ಪ್ರಸಂಗ ಇನ್ನೂ ಸೊಗಸಾದದ್ದು. 1862ರಲ್ಲಿ ಮಡಗಾಸ್ಕರ್ ದ್ವೀಪದ ಬಿಳಿಯ ಆರ್ಕಿಡ್ ಹೂ ಆತನ ಕೈಸೇರಿತು. ಅದರ ಮಕರಂದದ ನಳಿಗೆ 11 ಅಂಗುಲಕ್ಕೂ ಮಿಗಿಲು. ಮಕರಂದವಿದ್ದದ್ದು ತಳದಲ್ಲಿ ಮಾತ್ರ. ಅಷ್ಟುದ್ದದ ಸೊಂಡಿಲಿನ ಪತಂಗ ಅಲ್ಲಿ ಇರಲೇಬೇಕೆಂದು ಆತ ಬರೆದ. ಕೆಲವು ಕೀಟತಜ್ಞರು ನಕ್ಕರು. 1882ರಲ್ಲಿ ಡಾರ್ವಿನ್ ತೀರಿಕೊಂಡ. ಆ ಪತಂಗವನ್ನು ಗುರುತಿಸಿ ಹೆಸರಿಟ್ಟದ್ದು 1903ರಲ್ಲಿ.

ಇನ್ನು ನನ್ನ ತಪ್ಪಿನ ವಿಚಾರ. ನಂದಿಬಟ್ಟಲಿನ ಎಲೆಗಳನ್ನು ಬೆರಳು ಗಾತ್ರದ ಹಸಿರು ಹುಳುಗಳು ಮೇಯುತ್ತಿದ್ದವು. ಮಾಲಿಗೆ ಹೇಳಿ ಔಷಧಿ ಹೊಡೆಸಿದೆ. ಹುಳು ಸತ್ತವು, ಗಿಡ ಚಿಗುರಿತು. ಮುಸ್ಸಂಜೆಯಲ್ಲಿ ಹೂಗಳೆದುರು ರೆಕ್ಕೆ ಬಡಿಯುತ್ತ ನಿಲ್ಲುತ್ತಿದ್ದ ಹಸಿರು ಪತಂಗಗಳು ಮಾತ್ರ ಆಮೇಲೆ ಕಾಣಲಿಲ್ಲ. ಆ ಹುಳುಗಳೇ ಅವುಗಳ ಮರಿಗಳೆಂಬುದು ಆಗ ನನಗೆ ತಿಳಿದಿರಲಿಲ್ಲ. ಪಕ್ಕದ ತುಳಸಿಗೆ ಬರುತ್ತಿದ್ದ ಜೇನುನೊಣಗಳೂ ವಿರಳವಾದವು.

ಔಷಧಿ ನಿಲ್ಲಿಸಿ ಎರಡು ಮಳೆಗಾಲ ಕಳೆದಿವೆ. ಜೇನುನೊಣಗಳು ಮರಳಿವೆ. ನಂದಿಬಟ್ಟಲಿನ ಜೊತೆಗೆ ಆ ಹುಳುಗಳಿಗೆ ಪ್ರಿಯವಾದ ಕಣಗಿಲೆಯನ್ನೂ ನೆಟ್ಟು, ಸಂಜೆ ಕಾಫಿ ಲೋಟ ಹಿಡಿದು ಹೊರಗೆ ಕೂರುತ್ತೇನೆ. ಪತಂಗ ಇನ್ನೂ ಬಂದಿಲ್ಲ.