ಡಾ. ಎಲ್ಲಾಪ್ರಗಡ ಸುಬ್ಬರಾವ್

ಕರುಳಿನ ವ್ಯಾಧಿಯಿಂದ ಒಡಹುಟ್ಟಿದವರನ್ನು ಕಳೆದುಕೊಂಡು, ಆ ವ್ಯಾಧಿಗೆ ಮದ್ದನ್ನು ಅರಸುತ್ತ ಬಾಳನ್ನೇ ಸವೆಸಿದ ಮಹನೀಯರು ಡಾ. ಎಲ್ಲಾಪ್ರಗಡ ಸುಬ್ಬರಾವ್. ಅವರು ಜನಿಸಿದ್ದು 1895ರ ಜನವರಿ 12ರಂದು, ಗೋದಾವರಿ ತೀರದ ಸೀಮೆಯ ಭೀಮಾವರಂನಲ್ಲಿ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾದುದು ಮೂರನೆಯ ಸಲ. ಅಂಕಪಟ್ಟಿಯೊಂದನ್ನೇ ನೆಚ್ಚಿ ವಿದ್ಯಾರ್ಥಿಯನ್ನು ಅಳೆಯುವವರು ಇದನ್ನು ಗಮನಿಸಬೇಕು. ಸನ್ಯಾಸಿಯಾಗುವ ಹಂಬಲವಿದ್ದರೂ ತಾಯಿ ಒಪ್ಪದ ಕಾರಣ ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದರು. ಖಾದಿ ಧರಿಸಿದ್ದಕ್ಕಾಗಿ ಶಸ್ತ್ರವೈದ್ಯದ ಆಂಗ್ಲ ಪ್ರಾಧ್ಯಾಪಕರ ಅಸಮಾಧಾನಕ್ಕೆ ಪಾತ್ರರಾಗಿ, ಎಂ.ಬಿ.ಬಿ.ಎಸ್. ಬದಲು ಕೆಳದರ್ಜೆಯ ಎಲ್.ಎಂ.ಎಸ್. ಪದವಿಗೆ ತೃಪ್ತಿಪಡಬೇಕಾಯಿತು.

ಅದೇ ಕಾಲದಲ್ಲಿ ಸ್ಪ್ರೂ ಎಂಬ ವ್ಯಾಧಿ ಆ ಮನೆಯನ್ನು ಹೊಕ್ಕಿತು. ಉಂಡ ಆಹಾರದ ಸಾರವನ್ನು ಕರುಳು ಹೀರಿಕೊಳ್ಳದೆ, ಅತಿಸಾರ ಮತ್ತು ರಕ್ತಹೀನತೆಗಳಿಂದ ರೋಗಿ ದಿನೇ ದಿನೇ ಸೊರಗುವ ಬೇನೆಯದು. ಎಂಟೇ ದಿನಗಳ ಅಂತರದಲ್ಲಿ ಇಬ್ಬರು ಸೋದರರು ಅದಕ್ಕೆ ಬಲಿಯಾದರು. ಸ್ವತಃ ಸುಬ್ಬರಾಯರೂ ಅದೇ ಬೇನೆಗೆ ತುತ್ತಾಗಿ, ಆಯುರ್ವೇದ ಪಂಡಿತ ಆಚಂಟ ಲಕ್ಷ್ಮೀಪತಿಯವರ ಚಿಕಿತ್ಸೆಯಿಂದ ಬದುಕಿ ಉಳಿದರು.

ಮಾವನವರ ಹಾಗೂ ದಾನಿಗಳ ನೆರವಿನಿಂದ ಬಾಸ್ಟನ್‌ಗೆ ತೆರಳಿದ ಅವರು, ಹೊಟ್ಟೆಪಾಡಿಗಾಗಿ ಅಲ್ಲಿನ ಆಸ್ಪತ್ರೆಯಲ್ಲಿ ಮಲಪಾತ್ರೆಗಳನ್ನು ತೊಳೆದರು. ಹಾರ್ವರ್ಡ್‌ನಲ್ಲಿ ಫಿಸ್ಕೆಯವರೊಡನೆ ರಕ್ತದಲ್ಲಿನ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ರೂಪಿಸಿದರು. 1940ರಲ್ಲಿ ಲೆಡರ್ಲೆ ಪ್ರಯೋಗಾಲಯವನ್ನು ಸೇರಿದ ಮೇಲೆ ಹಳೆಯ ವೈರಿಯತ್ತ ಮತ್ತೆ ತಿರುಗಿದರು. ಅವರ ನೇತೃತ್ವದ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಸ್ಪ್ರೂ ರೋಗಿಗಳು ಅದರಿಂದ ಚೇತರಿಸಿಕೊಂಡರು. ಸೋದರರು ತೀರಿಕೊಂಡು ಆಗಲೇ ಎರಡು ದಶಕಗಳು ಸಂದಿದ್ದವು. ಇಂದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಕಬ್ಬಿಣದೊಡನೆ ಕೊಡುವ ಮಾತ್ರೆಯಲ್ಲಿರುವುದು ಇದೇ ಫೋಲಿಕ್ ಆಮ್ಲ.

ಅದೇ ತಂಡ ಫೋಲಿಕ್ ಆಮ್ಲವನ್ನು ತಡೆಯುವ ಔಷಧಿಗಳನ್ನೂ ನಿರ್ಮಿಸಿತು. ಅವುಗಳಲ್ಲಿ ಅಮಿನಾಪ್ಟೆರಿನ್ ಅನ್ನು ಡಾ. ಸಿಡ್ನಿ ಫಾರ್ಬರ್ ಮಕ್ಕಳ ರಕ್ತಕ್ಯಾನ್ಸರಿಗೆ ಬಳಸಿದರು. ಮತ್ತೊಂದು ಮೆಥೊಟ್ರೆಕ್ಸೇಟ್. 1948ರ ಆಗಸ್ಟ್ ತಿಂಗಳಿನಲ್ಲಿ, 53ನೆಯ ವಯಸ್ಸಿನಲ್ಲಿ, ಸುಬ್ಬರಾಯರು ನ್ಯೂಯಾರ್ಕಿನಲ್ಲಿ ನಿಧನ ಹೊಂದಿದರು. ಊರಿನಲ್ಲಿ ಕಾದಿದ್ದ ಪತ್ನಿ ಶೇಷಗಿರಿಯವರು ಅವರನ್ನು ಮತ್ತೆ ಕಾಣಲಿಲ್ಲ.

ಮೆಥೊಟ್ರೆಕ್ಸೇಟಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ದೇಹದ ರಕ್ಷಣಾಶಕ್ತಿಯೇ ಕರುಳಿನ ಮೇಲೆ ತಿರುಗಿಬಿದ್ದು ಉರಿಯೂತ ತರುವ ಕ್ರೋನ್ ರೋಗದಲ್ಲಿ, ವಾರಕ್ಕೊಮ್ಮೆ 25 ಮಿಲಿಗ್ರಾಂ ಚುಚ್ಚುಮದ್ದಾಗಿ ಕೊಟ್ಟಾಗ ಅದು ಶಮನಕಾರಿಯೆಂದು 1995ರ ಅಧ್ಯಯನವೊಂದು ತೋರಿಸಿತು: ಔಷಧಿ ಪಡೆದ ನೂರರಲ್ಲಿ ಸುಮಾರು 39 ಮಂದಿಗೆ ಉಪಶಮನ, ಪಡೆಯದವರಲ್ಲಿ 19 ಮಂದಿಗೆ. 1998ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಜೈವಿಕ ಔಷಧಿಗೆ ಅನುಮತಿ ದೊರೆಯಿತು. ಉರಿಯೂತವನ್ನು ಕೆರಳಿಸುವ ಟಿ.ಎನ್.ಎಫ್. ಎಂಬ ವಸ್ತುವನ್ನು ಹಿಡಿದು ನಿಲ್ಲಿಸುವ ಪ್ರೋಟೀನ್ ಅದು. ಆದರೆ ಹೊರಗಿನಿಂದ ಬಂದ ಈ ಪ್ರೋಟೀನನ್ನೇ ಶತ್ರುವೆಂದು ಬಗೆದು ದೇಹವು ಪ್ರತಿಕಾಯಗಳನ್ನು ಉಂಟುಮಾಡಿದರೆ ಔಷಧಿ ನಿಷ್ಫಲವಾಗುತ್ತದೆ. ಅದನ್ನು ತಗ್ಗಿಸಲು ಕೆಲವು ರೋಗಿಗಳಿಗೆ ಜೊತೆಯಲ್ಲಿ ಮೆಥೊಟ್ರೆಕ್ಸೇಟ್ ಕೊಡುವುದುಂಟು. ಹಾಗೆ ಕೊಟ್ಟಾಗ, ಅದರ ದುಷ್ಪರಿಣಾಮವನ್ನು ತಡೆಯಲು ವೈದ್ಯರು ಫೋಲಿಕ್ ಆಮ್ಲದ ಮಾತ್ರೆಯನ್ನೂ ಬರೆದುಕೊಡುತ್ತಾರೆ.